ಅಗಲದ ಪೌಡರ್ ಸ್ಕೀಯನ್ನೇ ದಿನಾ ಬಳಸುವುದು ಹೇಗೆ: ಗಟ್ಟಿ ಹಿಮದಿಂದ ನೀರುಹಿಮದವರೆಗೆ, ಹಂತ ಹಂತವಾಗಿ

ಅಗಲದ ಸ್ಕೀ ಕೊಂಡವರ ದೂರು ಹೆಚ್ಚುಕಮ್ಮಿ ಒಂದೇ. ಹೊಸ ಹಿಮ ಬಿದ್ದ ದಿನ ಸೊಗಸಾಗಿತ್ತು, ಎರಡು ದಿನ ಕಳೆದು ಇಳಿಜಾರು ಗಟ್ಟಿಯಾದ ಮೇಲೆ ಕೈಕೊಟ್ಟಿತು. ಸ್ಕೀಯ ಉಕ್ಕಿನ ಅಂಚು ಹಿಮ ಹಿಡಿಯುವುದಿಲ್ಲ, ಮೂತಿ (ಮುಂದಿನ ತುದಿ) ಪಟಪಟ ಬಡಿಯುತ್ತದೆ, ಸಂಜೆ ಹೊತ್ತಿಗೆ ಮೊಣಕಾಲು ನೋಯುತ್ತದೆ. ಆಮೇಲೆ ಆ ಸ್ಕೀ ಮೂಲೆ ಸೇರುತ್ತದೆ.

ಬಹಳ ಜನ ಎಡವುವುದು ಕೆಲಸದ ಕ್ರಮದಲ್ಲಿ. ಅಂಚು ಮೊಂಡಾಗಿರುತ್ತದೆ, ಬೂಟು ಸಡಿಲವಾಗಿರುತ್ತದೆ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಅಲ್ಲಾಡುತ್ತಿರುತ್ತದೆ. ಅದನ್ನೆಲ್ಲ ಹಾಗೇ ಬಿಟ್ಟು ತಿರುವಿನ ತಂತ್ರ ತಿದ್ದಲು ಹೊರಡುತ್ತಾರೆ. ಎಷ್ಟು ಕಸರತ್ತು ಮಾಡಿದರೂ ಫಲ ಸಿಗುವುದಿಲ್ಲ, ಯಾಕೆಂದರೆ ಕಾಲು ಮಾಡಿದ್ದು ಅಂಚಿಗೆ ತಲುಪುತ್ತಲೇ ಇಲ್ಲ. ಆದ್ದರಿಂದ ಇಲ್ಲಿ ಮೊದಲು ಸ್ಕೀ, ಆಮೇಲೆ ಬೈಂಡಿಂಗ್ ಮತ್ತು ಬೂಟು, ಆಮೇಲೆ ಅಂಚು. ಕಾಲಿನ ಕೆಲಸ ಕೊನೆಗೆ. ದಯವಿಟ್ಟು ಈ ಕ್ರಮ ಬದಲಿಸಬೇಡಿ.

ಮಧ್ಯಮ ಇಳಿಜಾರಿನಲ್ಲಿ ಎರಡೂ ಸ್ಕೀಗಳನ್ನು ಜೊತೆಜೊತೆಯಾಗಿ ಇಟ್ಟು ತಿರುಗಲು ಬರುವವರಿಗಾಗಿ ಇದನ್ನು ಬರೆದಿದ್ದೇನೆ. ಇನ್ನೂ ಕಲಿಯುತ್ತಿರುವವರು ಕಿರಿದಾದ ಸ್ಕೀಯಲ್ಲೇ ಕಲಿಯಿರಿ. ಅಗಲದ ಸ್ಕೀಯಲ್ಲಿ ಶುರು ಮಾಡಿದರೆ ಅಂಚು ಬಳಸುವುದೇ ಬರದೆ ಹೋಗಬಹುದು.

## ಶುರು ಮಾಡುವ ಮೊದಲು ಒಂದು ಲೆಕ್ಕ

ಸ್ಕೀಯ ಅಗಲ ಎಂದರೆ ಬೂಟಿನ ಕೆಳಗೆ ಬರುವ ನಡುವಿನ ಅಗಲ. ಗಟ್ಟಿ ಹಿಮದ ಸ್ಕೀಗಳಲ್ಲಿ ಇದು ಸಾಮಾನ್ಯವಾಗಿ 65ರಿಂದ 75 ಮಿ.ಮೀ. ಎಲ್ಲ ಕಡೆ ಓಡಿಸುವ ಸ್ಕೀಗಳಲ್ಲಿ 80ರಿಂದ 100. ಪುಡಿಹಿಮದ ಸ್ಕೀಗಳಲ್ಲಿ 110ರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಜಾಸ್ತಿ.

72 ಮಿ.ಮೀ. ಸ್ಕೀಯಲ್ಲಿ ಪಾದದ ನಡುಗೆರೆಯಿಂದ ಅಂಚು 36 ಮಿ.ಮೀ. ದೂರದಲ್ಲಿರುತ್ತದೆ. 112 ಮಿ.ಮೀ. ಸ್ಕೀಯಲ್ಲಿ 56. ಸ್ಕೀಯನ್ನು 30 ಡಿಗ್ರಿ ವಾಲಿಸಿದರೆ ಕಿರಿದಾದ ಸ್ಕೀಯ ಎದುರು ಅಂಚು 36 ಮಿ.ಮೀ. ಮೇಲೇಳುತ್ತದೆ, ಅಗಲದ್ದು 56 ಏಳಬೇಕು. ಅಗಲವಾದ ಹಲಗೆಯ ನಡುವೆ ನಿಂತು ಅದನ್ನು ಒಂದು ಪಕ್ಕಕ್ಕೆ ವಾಲಿಸಿದ ಹಾಗೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಮೊಣಕಾಲಿನ ಮೇಲೆ ತಿರುಚುವ ಭಾರ ಜಾಸ್ತಿ ಬೀಳುತ್ತದೆ. ಮುಂದೆ ಬರುವ ಸಲಹೆಗಳಲ್ಲಿ ಹೆಚ್ಚಿನವು ಈ 20 ಮಿ.ಮೀ. ವ್ಯತ್ಯಾಸದಿಂದಲೇ ಹುಟ್ಟಿದವು.

## ಕೈಯಲ್ಲಿ ಇರಬೇಕಾದ ಸಾಮಾನು

ಸ್ಕೀ ಹಿಡಿದಿಡುವ ವೈಸ್, ಬೈಂಡಿಂಗ್‌ನ ಬ್ರೇಕನ್ನು ಮೇಲೆತ್ತಿ ಕಟ್ಟಲು ದಪ್ಪ ರಬ್ಬರ್ ಬ್ಯಾಂಡ್, ಉಕ್ಕಿನ ನೇರ ಪಟ್ಟಿ, ಡಿಗ್ರಿ ಗುರುತಿರುವ ಅಂಚಿನ ಗೈಡ್, ಒಂದು ಸಣ್ಣ ಅರ, ಒರಟು ಮತ್ತು ನಯ ಎರಡು ಡೈಮಂಡ್ ಕಲ್ಲು, ರಬ್ಬರ್ ಸಾಣೆಕಲ್ಲು, ಮಾರ್ಕರ್ ಪೆನ್. ಮೇಣಕ್ಕೆ ಸ್ಕೀ ಇಸ್ತ್ರಿಪೆಟ್ಟಿಗೆ, ಪ್ಲಾಸ್ಟಿಕ್ ಸ್ಕ್ರೇಪರ್, ಹಿತ್ತಾಳೆ ಬ್ರಷ್, ನೈಲಾನ್ ಬ್ರಷ್. ಕೈಗೆ ಗಟ್ಟಿ ಗ್ಲೌಸ್ ಹಾಕಿಕೊಳ್ಳಿ. ಸಾಣೆ ಹಿಡಿದ ಅಂಚು ಬೆರಳನ್ನು ಸಲೀಸಾಗಿ ಕುಯ್ಯುತ್ತದೆ.

ವೈಸ್ ಕೊಳ್ಳುವಾಗ ಅದರ ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂದು ನೋಡಿ. ಕೆಲವು ಹಳೆಯ ವೈಸ್‌ಗಳು ಅಗಲದ ಸ್ಕೀಯನ್ನು ಕಚ್ಚುವುದೇ ಇಲ್ಲ.

## ಹಂತ 1: ಈ ಸ್ಕೀ ದಿನಬಳಕೆಗೆ ಆಗುತ್ತದೆಯೇ, ಪರೀಕ್ಷಿಸಿ

ಎಲ್ಲ ಪೌಡರ್ ಸ್ಕೀಗಳೂ ದಿನಬಳಕೆಗೆ ಒಗ್ಗುವುದಿಲ್ಲ. ಅಗಲ ಒಂದನ್ನೇ ನೋಡಿ ತೀರ್ಮಾನಿಸಬೇಡಿ, ಆಕಾರ ನೋಡಿ.

ಎರಡೂ ಸ್ಕೀಗಳ ತಳ ತಳ ಸೇರಿಸಿ ಹಿಡಿಯಿರಿ. ಪಾದದ ಜಾಗದಲ್ಲಿ ಸ್ವಲ್ಪ ಸಂದು ಕಾಣಬೇಕು. ಅದು ಕ್ಯಾಂಬರ್. ನೀವು ನಿಂತಾಗ ಆ ಸಂದು ಒತ್ತಿಕೊಂಡು ಅಂಚನ್ನು ಉದ್ದಕ್ಕೂ ಹಿಮಕ್ಕೆ ಅದುಮುತ್ತದೆ. ಮೂತಿ ಮತ್ತು ಬಾಲದ ಕಡೆ ಸ್ಕೀಗಳು ಒಂದರಿಂದೊಂದು ದೂರ ಸರಿಯುವ ಭಾಗ ರಾಕರ್. ಪಾದದ ಕೆಳಗೆ ಸಂದು ಕಾಣದೆ, ನಡುವಿನಿಂದಲೇ ಎರಡೂ ಕಡೆಗೆ ಬಾಗಿ ಹೋಗಿದ್ದರೆ ಅದನ್ನು ಆಳ ಹಿಮಕ್ಕೇ ಬಿಡಿ. ಗಟ್ಟಿ ನೆಲದಲ್ಲಿ ಅದು ಬೂಟಿನ ಕೆಳಗಿನ ಗೇಣುದ್ದದ ಮೇಲೆ ಗಿರಗಿರ ತಿರುಗುತ್ತದೆ ಅಷ್ಟೇ.

ಆಮೇಲೆ ತಿರುಚಿ ನೋಡಿ. ಬಾಲವನ್ನು ಎರಡು ಪಾದಗಳ ನಡುವೆ ಅದುಮಿ ಹಿಡಿದು, ಮೂತಿಯನ್ನು ಎರಡೂ ಕೈಯಲ್ಲಿ ಬಟ್ಟೆ ಹಿಂಡುವ ಕಡೆಗೆ ತಿರುಚಿ. ಸುಲಭವಾಗಿ ತಿರುಚಿಕೊಂಡರೆ ಆ ಸ್ಕೀ ಗಟ್ಟಿ ಹಿಮದಲ್ಲಿ ಅಂಚು ಬಿಟ್ಟುಕೊಡುತ್ತದೆ. ತಿರುಚಲು ಬಗ್ಗದೆ, ಉದ್ದಕ್ಕೆ ಮಾತ್ರ ಹದವಾಗಿ ಬಾಗುವುದು ಒಳ್ಳೆಯದು. ಒಳಗೆ ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಪದರ ಇರುವ ಸ್ಕೀಗಳು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ.

ನನ್ನ ಅನುಭವದಲ್ಲಿ ನಡು 105ರಿಂದ 115 ಮಿ.ಮೀ. ಇದ್ದರೆ ದಿನಾ ಬಳಸಬಹುದು. ಸ್ಕೀಯ ಆಕಾರ ತಾನಾಗಿ ಬಿಡಿಸುವ ತಿರುವಿನ ತ್ರಿಜ್ಯ 18ರಿಂದ 22 ಮೀಟರ್ ಇದ್ದರೆ ಯಂತ್ರದಿಂದ ಹದಮಾಡಿದ ಇಳಿಜಾರಿನಲ್ಲಿ ಸುಖ. ಹತ್ತುವುದಕ್ಕೆಂದು ಮಾಡಿದ ಹಗುರ ಪೌಡರ್ ಸ್ಕೀ ಬೇಡ. ಗಟ್ಟಿ ಹೆಂಟೆ ಸಿಕ್ಕಾಗ ಅದು ಪಕ್ಕಕ್ಕೆ ಎಗರುತ್ತದೆ. ಇಳಿಯುವ ಕೆಲಸಕ್ಕೆ ತೂಕ ಬೇಕು.

ಸಾಮಾನ್ಯ ತಪ್ಪು: ತಿರುಗಿಸಲು ಸುಲಭವಾಗಲಿ ಎಂದು ಗಿಡ್ಡ ಸ್ಕೀ ಆರಿಸುವುದು. ರಾಕರ್ ಇರುವುದರಿಂದ ಹಿಮ ಮುಟ್ಟುವ ಅಂಚು ಮೊದಲೇ ಗಿಡ್ಡವಾಗಿರುತ್ತದೆ. ಇನ್ನೂ ಗಿಡ್ಡ ತೆಗೆದುಕೊಂಡರೆ ಹಿಡಿತ ಎಲ್ಲಿಂದ ಬರಬೇಕು?

## ಹಂತ 2: ಬೈಂಡಿಂಗ್ ಮತ್ತು ಬೂಟು

ಬ್ರೇಕಿನ ಅಗಲ. ಬ್ರೇಕಿನ ಎರಡು ಕಾಲುಗಳ ನಡುವಿನ ಅಂತರ ಸ್ಕೀಯ ನಡುವಿನಷ್ಟು ಅಥವಾ ಅದಕ್ಕಿಂತ 10ರಿಂದ 15 ಮಿ.ಮೀ. ಜಾಸ್ತಿ ಇರಬೇಕು. ಕಡಿಮೆ ಇದ್ದರೆ ಅಂಚಿಗೆ ಸಿಕ್ಕಿಕೊಂಡು ಬ್ರೇಕ್ ಬಿಚ್ಚಿಕೊಳ್ಳುವುದಿಲ್ಲ, ಬಿದ್ದಾಗ ಸ್ಕೀ ಕೆಳಗೆ ಓಡಿಹೋಗಿ ಇನ್ನೊಬ್ಬರಿಗೆ ಬಡಿಯಬಹುದು. ತೀರಾ ಜಾಸ್ತಿ ಇದ್ದರೆ ಸ್ಕೀ ವಾಲಿಸಿದಾಗ ಬ್ರೇಕಿನ ತುದಿ ಹಿಮ ಕೆರೆಯುತ್ತದೆ. ನೀವು ಬಿಟ್ಟ ಗುರುತಿನ ಪಕ್ಕದಲ್ಲೇ ಒಂದು ಸಣ್ಣ ಗೀರು ಓಡಿದ್ದರೆ ಅದು ಬ್ರೇಕಿನದು.

ಕೂರಿಸುವ ಜಾಗ. ಸ್ಕೀ ಮೇಲೆ ತಯಾರಕರು ಹಾಕಿದ ಗೆರೆಯೇ ಮೊದಲ ಆಯ್ಕೆ. ಒಂದು ಸೆಂಟಿಮೀಟರ್ ಮುಂದೆ ಕೂರಿಸಿದರೆ ಗಟ್ಟಿ ನೆಲದಲ್ಲಿ ತಿರುವು ಬೇಗ ಶುರುವಾಗುತ್ತದೆ, ಆದರೆ ಆಳ ಹಿಮದಲ್ಲಿ ಮೂತಿ ಮುಳುಗಲು ಶುರುವಾಗುತ್ತದೆ. ದಿನಬಳಕೆಗೆ ಈ ಒಂದು ಸೆಂಟಿಮೀಟರ್ ಒಪ್ಪಬಹುದು, ಅದಕ್ಕಿಂತ ಮುಂದೆ ಹೋಗಬೇಡಿ. ರಂಧ್ರ ಕೊರೆಯುವ ಕೆಲಸ ಅಚ್ಚು ಇಟ್ಟುಕೊಂಡಿರುವ ಅಂಗಡಿಯಲ್ಲೇ ಆಗಲಿ. ಹಳೆಯ ರಂಧ್ರದ ತೀರಾ ಹತ್ತಿರ ಹೊಸದು ಕೊರೆದರೆ ಸ್ಕ್ರೂ ಕಿತ್ತು ಬರುತ್ತದೆ.

ಅಲ್ಲಾಟ. ಬೂಟನ್ನು ಬೈಂಡಿಂಗ್‌ಗೆ ಹಾಕಿ, ಬೂಟಿನ ಮೇಲ್ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಬೂಟು ಮತ್ತು ಸ್ಕೀ ಒಟ್ಟಿಗೆ ವಾಲಬೇಕು. ನಡುವೆ ಕಟ್ ಎಂದು ಸದ್ದು ಬಂದರೆ, ಇಲ್ಲವೇ ಬೂಟು ಒಂದು ಕೂದಲೆಳೆ ಮೊದಲು ಹೊರಟರೆ, ಬೂಟಿನ ಅಡಿ ಸವೆದಿದೆ ಅಥವಾ ಬೈಂಡಿಂಗ್ ಸಡಿಲವಾಗಿದೆ. ಕಿರಿದಾದ ಸ್ಕೀಯಲ್ಲಿ ಗೊತ್ತೇ ಆಗದ ಈ ಅಲ್ಲಾಟ ಅಗಲದ ಸ್ಕೀಯಲ್ಲಿ ತಿರುವನ್ನೇ ಹಾಳು ಮಾಡುತ್ತದೆ. ಬೂಟಿನ ಅಡಿಯ ಮಾದರಿಗೂ ಬೈಂಡಿಂಗ್‌ಗೂ ಹೊಂದಾಣಿಕೆ ಇದೆಯೇ ಎಂದೂ ಅಂಗಡಿಯಲ್ಲಿ ಕೇಳಿ. ಸಾಮಾನ್ಯ ಆಲ್ಪೈನ್ ಅಡಿ, ನಡೆಯಲು ಅನುಕೂಲವಾದ ಗ್ರಿಪ್‌ವಾಕ್ ಅಡಿ, ಬೆಟ್ಟ ಹತ್ತುವವರ ಟೂರಿಂಗ್ ಅಡಿ ಬೇರೆ ಬೇರೆ. ಎಲ್ಲ ಬೈಂಡಿಂಗ್‌ಗಳೂ ಎಲ್ಲವನ್ನೂ ಹಿಡಿಯುವುದಿಲ್ಲ.

ಬಿಡುಗಡೆಯ ಅಂಕಿ. ಎಷ್ಟು ಬಲ ಬಿದ್ದರೆ ಬೈಂಡಿಂಗ್ ಬೂಟನ್ನು ಬಿಡಬೇಕು ಎಂಬ ಅಂಕಿ ಇದು. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಓಡಿಸುವ ಶೈಲಿ ನೋಡಿ ತಂತ್ರಜ್ಞರು ಇದನ್ನು ಹೊಂದಿಸುತ್ತಾರೆ. ಸ್ಕೀ ದೊಡ್ಡದು ಎಂಬ ಕಾರಣಕ್ಕೆ ನೀವಾಗಿ ಏರಿಸಬೇಡಿ. ಬಿಚ್ಚಿಕೊಳ್ಳಬೇಕಾದಾಗ ಬೈಂಡಿಂಗ್ ಬಿಚ್ಚದಿದ್ದರೆ ಮೊಣಕಾಲಿನ ಒಳಗಿನ ಕಟ್ಟು ಹರಿಯಬಹುದು.

ಬೂಟು. ಒಳಗಿನ ಮೆತ್ತೆ ತೆಗೆದು ಬರೀ ಚಿಪ್ಪಿನಲ್ಲಿ ಕಾಲಿಡಿ. ಬೆರಳು ಮುಂದೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದೂವರೆ ಸೆಂಟಿಮೀಟರ್ ಆಸುಪಾಸು ಜಾಗ ಉಳಿಯಬೇಕು. ಎರಡು ಸೆಂಟಿಮೀಟರ್ ದಾಟಿದರೆ ಬೂಟು ದೊಡ್ಡದಾಯಿತು. ಪಾದ ಒಳಗೆ ಮೊದಲು ವಾಲಿ, ಆಮೇಲೆ ಬೂಟು, ಕೊನೆಗೆ ಸ್ಕೀ ವಾಲುತ್ತಿದ್ದರೆ ನೀವು ಕಾಲಿನ ಶಕ್ತಿಯನ್ನು ಫೋಮ್ ಒತ್ತಲು ಸುರಿಯುತ್ತಿದ್ದೀರಿ. ದುಡ್ಡು ಒಂದು ಕಡೆಗೆ ಮಾತ್ರ ಹಾಕಲು ಸಾಧ್ಯವಿದ್ದರೆ ಹೊಸ ಸ್ಕೀಗಿಂತ ಮೊದಲು ಬೂಟಿಗೆ ಹಾಕಿ. ಇದನ್ನು ನಾನು ಯಾರಿಗೂ ಹಿಂಜರಿಯದೆ ಹೇಳುತ್ತೇನೆ.

## ಹಂತ 3: ತಳ ಮತ್ತು ಅಂಚು

ಅಗಲದ ಸ್ಕೀಗೆ ಅಂಚು ಬೇಕಿಲ್ಲ, ಪುಡಿಹಿಮದಲ್ಲಿ ತೇಲಿದರೆ ಸಾಕು ಎಂಬ ಮಾತು ಹಲವರಿಂದ ಕೇಳಿರುತ್ತೀರಿ. ದಿನಬಳಕೆಗೆ ಇದು ಪೂರ್ತಿ ತಪ್ಪು. ಹಿಮ ಮುಟ್ಟುವ ಅಂಚು ಗಿಡ್ಡ, ಅದು ಪಾದದಿಂದ ದೂರ ಬೇರೆ. ಅಂಥದ್ದು ಮೊಂಡಾಗಿದ್ದರೆ ಉಳಿಯುವುದೇನು? ಕಿರಿದಾದ ಸ್ಕೀಗಿಂತ ಇದಕ್ಕೇ ಸಾಣೆ ಹೆಚ್ಚು ಬೇಕು.

ಮೊದಲು ತಳ ಮಟ್ಟವಾಗಿದೆಯೇ ನೋಡಿ. ತಳ ಒರೆಸಿ, ಉಕ್ಕಿನ ಪಟ್ಟಿಯನ್ನು ಅಡ್ಡಲಾಗಿ ಇಟ್ಟು, ಹಿಂದಿನಿಂದ ಬೆಳಕು ಬರುವ ಹಾಗೆ ಹಿಡಿದು ಕಣ್ಣು ಕೆಳಗಿಳಿಸಿ ನೋಡಿ. ಅಂಚಿನ ಬಳಿ ತೀರಾ ತೆಳುವಾದ ಬೆಳಕಿನ ಗೆರೆ ಇದ್ದರೆ ಸರಿ, ಅದು ಅಂಚಿನ ಕೋನ. ನಡುವೆ ಬೆಳಕು ಧಾರಾಳವಾಗಿ ಕಂಡರೆ ತಳ ಗುಳಿ ಬಿದ್ದಿದೆ. ಅಗಲದ ಸ್ಕೀಗಳಲ್ಲಿ ಇದು ಹೆಚ್ಚು. ಅಂಥ ಸ್ಕೀ ಹಳಿಯ ಮೇಲೆ ಸಿಕ್ಕಿಕೊಂಡಂತೆ ನೇರ ಓಡುತ್ತದೆ, ತಿರುಗಿಸಲು ಹೋದರೆ ಎಡವುತ್ತದೆ. ಎರಡು ಅಂಚಿನ ಕಡೆ ಬೆಳಕು ಜಾಸ್ತಿ ಕಂಡು ನಡು ಉಬ್ಬಿದ್ದರೆ ಸ್ಕೀ ಅತ್ತಿತ್ತ ಈಜುತ್ತದೆ, ಅಂಚು ಹಿಡಿಯುವುದಿಲ್ಲ. ಎರಡಕ್ಕೂ ಮನೆಯಲ್ಲಿ ಮದ್ದಿಲ್ಲ. ಅಂಗಡಿಯ ಕಲ್ಲಿನ ಯಂತ್ರದಲ್ಲಿ ಉಜ್ಜಿಸಬೇಕು. ಇದನ್ನು ಬಿಟ್ಟು ಅಂಚಿಗೆ ಕೈ ಹಾಕಿದರೆ ಶ್ರಮ ದಂಡ.

ಕೋನ. ತಳದ ಕಡೆ 1 ಡಿಗ್ರಿ, ಪಕ್ಕದ ಕಡೆ 2 ಡಿಗ್ರಿ ದಿನಬಳಕೆಗೆ ಚೆನ್ನಾಗಿ ಒಗ್ಗುತ್ತದೆ. ತಳದ ಕೋನವನ್ನು ಅಂಗಡಿಯಲ್ಲಿ ಒಮ್ಮೆ ಮಾಡಿಸಿ ಬಿಟ್ಟುಬಿಡಿ. ಪದೇ ಪದೇ ಅರ ಹಾಕಿದರೆ ಆ ಕೋನ ಹೆಚ್ಚುತ್ತಾ ಹೋಗುತ್ತದೆ, ಆಗ ಅಂಚು ಹಿಮ ಮುಟ್ಟಲು ಸ್ಕೀಯನ್ನು ಇನ್ನೂ ಹೆಚ್ಚು ವಾಲಿಸಬೇಕು. ಮನೆಯಲ್ಲಿ ನೀವು ಮುಟ್ಟಬೇಕಾದ್ದು ಪಕ್ಕದ ಅಂಚನ್ನು.

ಸಾಣೆಯ ಕ್ರಮ:

1. ಬ್ರೇಕ್ ಮೇಲೆತ್ತಿ ರಬ್ಬರ್ ಬ್ಯಾಂಡ್ ಕಟ್ಟಿ. ಸ್ಕೀಯನ್ನು ಪಕ್ಕ ಮೇಲೆ ಬರುವಂತೆ ವೈಸ್‌ನಲ್ಲಿ ಕೂರಿಸಿ.

2. ಅಂಚಿನ ಉದ್ದಕ್ಕೂ ಮಾರ್ಕರ್ ಬಳಿಯಿರಿ.

3. ಕಲ್ಲಿಗೆ ಬಡಿದ ಜಾಗಗಳನ್ನು ಮೊದಲು ಒರಟು ಡೈಮಂಡ್ ಕಲ್ಲಿನಿಂದ ಉಜ್ಜಿ. ಬಡಿದಾಗ ಉಕ್ಕು ಅಲ್ಲಿ ಗಡಸಾಗಿರುತ್ತದೆ. ನೇರ ಅರ ಹಾಕಿದರೆ ಗಾಜಿನ ಮೇಲೆ ಜಾರಿದ ಸದ್ದು ಬರುತ್ತದೆ, ಅರದ ಹಲ್ಲು ಹಾಳಾಗುತ್ತದೆ.

4. ಗೈಡ್‌ನಲ್ಲಿ ಅರ ಕೂರಿಸಿ, ಮೂತಿಯಿಂದ ಬಾಲದ ಕಡೆಗೆ ಹಗುರ ಕೈಯಲ್ಲಿ ಎಳೆಯಿರಿ. ಎರಡು ಎಳೆತ ಆದ ಮೇಲೆ ಮಸಿ ನೋಡಿ. ಅಂಚಿನ ಪೂರ್ತಿ ಅಗಲದಲ್ಲಿ ಮಸಿ ಹೋಗಿದ್ದರೆ ಕೋನ ಸರಿಯಿದೆ. ತಳದ ಕಡೆ ತೆಳು ಗೆರೆಯಾಗಿ ಉಳಿದಿದ್ದರೆ, ಅರ ಇನ್ನೂ ಬೇಕಾದ ಜಾಗ ಮುಟ್ಟಿಲ್ಲ. ಹೆಚ್ಚಿನ ಸಲ ಅಂಚಿನ ಮೇಲಿರುವ ಪ್ಲಾಸ್ಟಿಕ್ ಪಕ್ಕೆ ಅಡ್ಡ ಬರುತ್ತಿರುತ್ತದೆ, ಅದನ್ನು ಮೊದಲು ಹೆರೆಯಬೇಕು.

5. ಒರಟು, ಆಮೇಲೆ ನಯ ಡೈಮಂಡ್ ಕಲ್ಲು. ನೀರು ಹಚ್ಚಿಕೊಂಡು ಉಜ್ಜಿ. ಅರದ ಗೀರು ಮಾಯವಾಗಿ ಅಂಚು ಹೊಳೆಯಬೇಕು.

6. ತಳದ ಕಡೆ ಎದ್ದ ಉಕ್ಕಿನ ಸಿಬಿರನ್ನು ರಬ್ಬರ್ ಕಲ್ಲಿನಿಂದ ಒಂದು ಸಲ ಸವರಿ ತೆಗೆಯಿರಿ. ಒತ್ತಬೇಡಿ.

ಪರೀಕ್ಷೆ ಹೀಗೆ: ಉಗುರಿನ ಬೆನ್ನನ್ನು ಅಂಚಿಗೆ ಅಡ್ಡಲಾಗಿ ಎಳೆಯಿರಿ. ಉಗುರಿನಿಂದ ಬಿಳಿ ಪುಡಿ ಹೆರೆದು ಬರಬೇಕು. ಪಾದದ ಮುಂದೆ, ಕೆಳಗೆ, ಹಿಂದೆ ಮೂರೂ ಕಡೆ ನೋಡಿ. ಬೆರಳನ್ನು ಅಂಚಿನ ಉದ್ದಕ್ಕೆ ಎಂದೂ ಎಳೆಯಬೇಡಿ, ಕುಯ್ಯುತ್ತದೆ.

ಮೂತಿ, ಬಾಲ ಮೊಂಡು ಮಾಡುವುದು. ಇಲ್ಲೇ ಬಹಳ ಸ್ಕೀಗಳು ಕೆಡುವುದು. ರಾಕರ್ ಭಾಗ ಹಿಮ ಮುಟ್ಟುವುದಿಲ್ಲ ಎಂದು ಮೂತಿಯಿಂದ ಒಂದೂವರೆ ಅಡಿ ಮೊಂಡು ಮಾಡಿಬಿಡುತ್ತಾರೆ. ಸ್ಕೀ ಚಪ್ಪಟೆ ಇದ್ದಾಗ ಆ ಭಾಗ ಮುಟ್ಟುವುದಿಲ್ಲ ನಿಜ. ಆದರೆ ವಾಲಿಸಿದಾಗ ರಾಕರ್‌ನ ಒಂದಷ್ಟು ಅಂಚೂ ಹಿಮಕ್ಕೆ ತಾಗುತ್ತದೆ. ಅದನ್ನೂ ಕಳೆದುಕೊಂಡರೆ ಗಟ್ಟಿ ನೆಲದಲ್ಲಿ ಹಿಡಿತ ಹೋಯಿತು. ಸ್ಕೀಯ ಅತಿ ಅಗಲದ ಬಿಂದುವಿನಿಂದ ಆಚೆಗೆ, ತುದಿಯ ಕಡೆ ಮಾತ್ರ ರಬ್ಬರ್ ಕಲ್ಲು ಹಿಡಿದು ಮೊನೆ ತೆಗೆಯಿರಿ. ಓಡಿಸಿ ನೋಡಿ. ಮೂತಿ ಇನ್ನೂ ಸಿಕ್ಕಿಕೊಳ್ಳುತ್ತದೆ ಅನ್ನಿಸಿದರೆ ಎರಡು ಬೆರಳಿನಷ್ಟು ಹಿಂದೆ ಬನ್ನಿ, ಮತ್ತೆ ಓಡಿಸಿ. ತೆಗೆದ ಮೊನೆ ವಾಪಸ್ ತರಲು ಉಕ್ಕು ಸವೆಸಬೇಕಾಗುತ್ತದೆ, ಆದ್ದರಿಂದ ಅವಸರ ಬೇಡ.

## ಹಂತ 4: ಮೇಣ

ತಳ ದೊಡ್ಡದು, ಹಿಮ ಹಿಡಿದೆಳೆಯುವ ಜಾಗವೂ ದೊಡ್ಡದು. ಒದ್ದೆ ಹಿಮದಲ್ಲಿ ಮೇಣವಿಲ್ಲದ ಅಗಲದ ಸ್ಕೀ ಓಡುತ್ತಾ ಓಡುತ್ತಾ ಬ್ರೇಕ್ ಹಾಕಿದಂತೆ ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗುತ್ತದೆ.

ಹಿತ್ತಾಳೆ ಬ್ರಷ್‌ನಿಂದ ತಳ ಉಜ್ಜಿ, ಮೇಣ ಹನಿಸಿ, ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸದೆ ಮೂತಿಯಿಂದ ಬಾಲಕ್ಕೆ ಒಯ್ಯಿರಿ. ಪೆಟ್ಟಿಗೆಗಿಂತ ತಳ ಅಗಲವಾದ್ದರಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎರಡು ಸಾಲು ಹೋಗಬೇಕು. ಅಂಚಿನ ಬಳಿಯ ತಳವೇ ಮೊದಲು ಒಣಗಿ ಬೆಳ್ಳಗಾಗುವುದು, ಅಲ್ಲಿ ಮೇಣ ತಲುಪಿದೆಯೇ ನೋಡಿ. ಮೇಣ ಹೊಗೆಯಾಡಿದರೆ ಬಿಸಿ ಜಾಸ್ತಿಯಾಯಿತು, ತಳ ಸುಡುತ್ತದೆ. ಅರ್ಧ ಗಂಟೆಯಾದರೂ ಆರಲು ಬಿಟ್ಟು, ಕೆರೆದು, ಬ್ರಷ್ ಮಾಡಿ. ಹೊರಗೆ ಕಾಣುವ ಮೇಣವೆಲ್ಲ ಹೋಗಬೇಕು. ಕೆಲಸ ಮಾಡುವುದು ತಳದ ಒಳಗೆ ಇಳಿದ ಮೇಣ.

## ಹಂತ 5: ಮೊದಲ ಗಂಟೆ, ಸೌಮ್ಯ ಇಳಿಜಾರಿನಲ್ಲಿ

ಸ್ಕೀ ಸಿದ್ಧವಾದ ಮೇಲೆ ನೇರ ಕಡಿದಾದ ಇಳಿಜಾರಿಗೆ ಹೋಗಬೇಡಿ. ಹದಮಾಡಿದ, ಜನ ಕಡಿಮೆ ಇರುವ ಸುಲಭ ಇಳಿಜಾರು ಹುಡುಕಿ.

ನಿಲುವು. ಪಾದಗಳ ನಡುವೆ ಸೊಂಟದಷ್ಟು ಅಂತರ. ಕಿರಿದಾದ ಸ್ಕೀಯಲ್ಲಿ ಕಾಲು ಜೋಡಿಸಿ ಓಡಿಸುವ ಅಭ್ಯಾಸವಿದ್ದರೆ ಇಲ್ಲಿ ಮೂತಿಗಳು ಒಂದರ ಮೇಲೊಂದು ಹತ್ತುತ್ತವೆ. ಹಾಗೆಂದು ಸೊಂಟಕ್ಕಿಂತ ಅಗಲ ನಿಂತರೆ ತಿರುವಿನ ಒಳಬದಿಯ ಕಾಲು ಅಡ್ಡಗಾಲಾಗುತ್ತದೆ, ಸ್ಕೀ ವಾಲುವುದಿಲ್ಲ. ಮೊಣಕಾಲಿನ ಕೆಳಗಿನ ಮುಂಬದಿಯ ಮೂಳೆ ಬೂಟಿನ ನಾಲಗೆಗೆ ಸದಾ ತಾಗಿರಲಿ.

ಅಡ್ಡ ಜಾರುವುದು. ಇಳಿಜಾರಿಗೆ ಅಡ್ಡ ನಿಂತು, ಪಾದದ ಕೀಲನ್ನು ಸ್ವಲ್ಪ ಸಡಿಲಿಸಿ ಪಕ್ಕಕ್ಕೆ ಜಾರಿ. ಮತ್ತೆ ಬಿಗಿ ಮಾಡಿ ನಿಲ್ಲಿ. ಎಷ್ಟು ವಾಲಿಸಿದರೆ ಅಂಚು ಹಿಡಿಯುತ್ತದೆ, ಎಷ್ಟಕ್ಕೆ ಬಿಡುತ್ತದೆ ಎಂಬುದು ಕಾಲಿಗೆ ಗೊತ್ತಾಗಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಎರಡೂ ಬದಿಗೆ ಮಾಡಿ.

ಎರಡು ಗೆರೆ. ಅಡ್ಡಲಾಗಿ ಮುಂದೆ ಸಾಗುತ್ತಾ ಮೇಲ್ಬದಿಯ ಅಂಚುಗಳ ಮೇಲೆ ಮಾತ್ರ ಓಡಿ. ನಿಂತು ಹಿಂದಿರುಗಿ ಗುರುತು ನೋಡಿ. ಚಾಕುವಿನಲ್ಲಿ ಎಳೆದಂಥ ಎರಡು ತೆಳು ಗೆರೆ ಇದ್ದರೆ ಸರಿ. ಅಂಗೈ ಅಗಲಕ್ಕೆ ಹಿಮ ಸವರಿದ್ದರೆ ಸ್ಕೀ ಜಾರುತ್ತಿದೆ. ಒಂದು ಗೆರೆ ತೆಳು, ಇನ್ನೊಂದು ಸವರಿದ್ದರೆ ಒಳಗಿನ, ಅಂದರೆ ಮೇಲ್ಬದಿಯ, ಕಾಲು ಕೆಲಸ ಮಾಡುತ್ತಿಲ್ಲ.

ಮೊದಲು ವಾಲಿಸು, ಆಮೇಲೆ ತಿರುಗಿಸು. ಈ ಇಡೀ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ರಾಕರ್ ಇರುವ ಸ್ಕೀ ಪಾದದ ಕೆಳಗೆ ಸುಲಭವಾಗಿ ತಿರುಗುತ್ತದೆ. ಆ ಸುಲಭವೇ ಬಲೆ. ತಿರುವಿನ ಶುರುವಿನಲ್ಲೇ ಪಾದ ತಿರುಚಿದರೆ ಸ್ಕೀ ಅಡ್ಡವಾಗಿ ನಿಂತು ಜಾರುತ್ತದೆ, ಆಮೇಲೆ ಎಷ್ಟು ವಾಲಿಸಿದರೂ ಹಿಡಿಯುವುದಿಲ್ಲ. ಹಳೆಯ ತಿರುವು ಮುಗಿದ ಮೇಲೆ ಸ್ಕೀಯನ್ನು ಚಪ್ಪಟೆಯಾಗಲು ಬಿಡಿ. ಪಾದದಿಂದ ಶುರು ಮಾಡಿ, ಆಮೇಲೆ ಮೊಣಕಾಲು, ಆಮೇಲೆ ಸೊಂಟ ಹೊಸ ಬದಿಗೆ ವಾಲಲಿ. ಮನಸ್ಸಿನಲ್ಲಿ ನಿಧಾನವಾಗಿ "ಒಂದು, ಎರಡು" ಎಂದು ಎಣಿಸಿ. ಅಷ್ಟು ಹೊತ್ತು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆ 56 ಮಿ.ಮೀ. ಏಳಲು ಬೇಕಾದ ಹೊತ್ತು ಅದು. ಮೂರರ ಹೊತ್ತಿಗೆ ಅಂಚು ತಾನೇ ಕಚ್ಚಿಕೊಂಡು ನಿಮ್ಮನ್ನು ಒಯ್ಯುತ್ತದೆ.

ಎರಡು ತೆಳು ಗೆರೆಯ ತಿರುವು ಎರಡೂ ಬದಿಗೆ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 6: ಗಟ್ಟಿ ಹಿಮ, ಐಸ್

ಗಟ್ಟಿ ಇಳಿಜಾರಿನಲ್ಲಿ ಸಣ್ಣ ಸಣ್ಣ ತಿರುವು ಹಾಕಲು ಒದ್ದಾಡಬೇಡಿ. ತಿರುವು ಮಧ್ಯಮವಾಗಿರಲಿ, ದುಂಡಗಿರಲಿ, ಪೂರ್ತಿ ಮುಗಿಯಲಿ. ವೇಗವನ್ನು ತಿರುವಿನ ಆಕಾರದಿಂದ ಹಿಡಿಯಿರಿ, ಕೊನೆಯಲ್ಲಿ ಅಂಚು ಕುಕ್ಕಿ ಹಿಡಿಯಬೇಡಿ. ಕುಕ್ಕಿದರೆ ಅಗಲದ ಸ್ಕೀ ಕಿತ್ತುಕೊಂಡು ಹೋಗುತ್ತದೆ. ಭಾರವೆಲ್ಲ ತಿರುವಿನ ಹೊರಬದಿಯ ಕಾಲಿನ ಮೇಲೆ ಇರಲಿ.

ಮೂತಿ ಬಡಿದುಕೊಳ್ಳುವುದನ್ನು ನೋಡಿ ಹೆದರಬೇಡಿ. ರಾಕರ್ ಭಾಗ ಗಾಳಿಯಲ್ಲಿರುತ್ತದೆ, ಬಡಿದೇ ಬಡಿಯುತ್ತದೆ. ಕಣ್ಣು ಎರಡು ತಿರುವು ಮುಂದೆ ಇರಲಿ. ಆದರೆ ನಡುಕ ಬೂಟಿನ ಕೆಳಗೆ ಬಂದರೆ ಅದು ಬೇರೆ ಮಾತು. ಅಂಚು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತಿದೆ ಎಂದರ್ಥ. ವೇಗ ಇಳಿಸಿ, ಸಂಜೆ ಅಂಚು ನೋಡಿ.

ಐಸ್ ಬಣ್ಣದಲ್ಲೇ ಗೊತ್ತಾಗುತ್ತದೆ. ಮಂಕು ಬಿಳಿ ಇದ್ದಲ್ಲಿ ಹಿಡಿತವಿದೆ, ಬೂದು ಅಥವಾ ನೀಲಿ ಛಾಯೆಯ ಹೊಳಪಿದ್ದಲ್ಲಿ ಇಲ್ಲ. ಹೊಳೆಯುವ ತುಂಡಿನ ಮೇಲೆ ತಿರುಗಬೇಡಿ. ಸ್ಕೀ ಚಪ್ಪಟೆ ಇಟ್ಟು ದಾಟಿ, ಮುಂದಿನ ಬಿಳಿ ತುಂಡಿನಲ್ಲಿ ತಿರುಗಿ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕೆರೆದ ಹಿಮ ಇಳಿಜಾರಿನ ಎರಡು ಬದಿಗೆ ಸೇರಿರುತ್ತದೆ. ಅಲ್ಲೇ ಓಡಿ. ನಿಮ್ಮ ಅಗಲ ಅಲ್ಲಿ ಕೆಲಸಕ್ಕೆ ಬರುತ್ತದೆ. ದಾರಿಯ ಉದ್ದಕ್ಕೂ ಐಸ್ ಇದ್ದರೆ ಅಡ್ಡ ಜಾರಿ ಇಳಿಯಿರಿ, ಅದರಲ್ಲಿ ನಾಚಿಕೆ ಏನಿಲ್ಲ.

## ಹಂತ 7: ಉಬ್ಬುಗಳು

ಜನ ತಿರುಗಿ ತಿರುಗಿ ಇಳಿಜಾರಿನಲ್ಲಿ ಎದ್ದ ಹಿಮದ ಉಬ್ಬುಗಳ ನಡುವಿನ ಕಾಲುವೆಗೆ ಇಳಿಯಬೇಡಿ. ಸ್ಕೀ ಅಲ್ಲಿ ಹಿಡಿಸುವುದಿಲ್ಲ. ಮೂತಿ ಒಂದು ಉಬ್ಬಿಗೆ, ಬಾಲ ಇನ್ನೊಂದಕ್ಕೆ ಒರಗಿ ನಡುವೆ ನೀವು ತೂಗುತ್ತೀರಿ.

ಉಬ್ಬಿನ ನೆತ್ತಿಯಲ್ಲಿ ತಿರುಗಿ. ಆ ಕ್ಷಣ ಮೂತಿ, ಬಾಲ ಎರಡೂ ಗಾಳಿಯಲ್ಲಿರುತ್ತವೆ, ಪಾದ ತಿರುಚಿದರೆ ಸಾಕು. ಹೌದು, ಇಲ್ಲಿ ಮಾತ್ರ ತಿರುಚುವುದು ಸರಿ. ತಿರುಗಿದ ಮೇಲೆ ಉಬ್ಬಿನ ಹೊರ ಭುಜದ ಮೇಲೆ ಹಿಮ ಸವರುತ್ತಾ ಜಾರಿ, ಮುಂದಿನ ನೆತ್ತಿ ಹತ್ತಿ. ನಿಧಾನ ಇರಲಿ. ಹಿಂದೆ ವಾಲಿದಿರೋ ಉದ್ದ ಬಾಲ ನಿಮ್ಮನ್ನು ಎಸೆಯುತ್ತದೆ.

## ಹಂತ 8: ತುಳಿದ ಹಿಮ, ನೀರುಹಿಮ, ಹಪ್ಪಳದ ಪದರ

ಹೊಸ ಹಿಮದ ಮೇಲೆ ಜನ ಓಡಾಡಿ ಹೆಂಟೆ ಹೆಂಟೆಯಾದ ಹಿಮ ಅಗಲದ ಸ್ಕೀಯ ನಿಜವಾದ ಮನೆ. ಎರಡೂ ಕಾಲಿಗೆ ಭಾರ ಹಂಚಿ, ಕಾಲು ಬಿಗಿಯಾಗಿಟ್ಟು, ಉದ್ದ ತಿರುವು ಹಾಕಿ. ವೇಗ ತೀರಾ ಇಳಿದರೆ ಪ್ರತಿ ಹೆಂಟೆಯೂ ಮೂತಿಯನ್ನು ತಳ್ಳುತ್ತದೆ.

ಬಿಸಿಲ ದಿನಗಳಲ್ಲಿ ಬೆಳಿಗ್ಗೆ ರಾತ್ರಿಯ ಐಸ್ ಇರುತ್ತದೆ. ಮೇಲ್ಪದರ ಒಂದೆರಡು ಸೆಂಟಿಮೀಟರ್ ಮೆತ್ತಗಾಗುವವರೆಗೆ ಕಾಯಿರಿ. ಆ ಹೊತ್ತಿನ ಹಿಮದಲ್ಲಿ ಸ್ಕೀ ತಾನಾಗಿ ತಿರುಗುತ್ತದೆ. ಮಧ್ಯಾಹ್ನ ನೀರು ಜಾಸ್ತಿಯಾದಾಗ ತಳ ಹೀರಿ ಹಿಡಿಯುತ್ತದೆ. ಬೆಚ್ಚನೆ ಹಿಮದ ಮೇಣ, ತಳದಲ್ಲಿ ಆಳವಾದ ಗೀರುಗಳ ವಿನ್ಯಾಸ ಎರಡೂ ಬೇಕು. ಅಂಗಡಿಯಲ್ಲಿ ತಳ ಉಜ್ಜಿಸುವಾಗಲೇ ಒರಟು ವಿನ್ಯಾಸ ಕೇಳಿ.

ಮೇಲೆ ಹಪ್ಪಳದಂಥ ಪದರ, ಕೆಳಗೆ ಮೆತ್ತಗೆ ಇರುವ ಹಿಮದಲ್ಲಿ ಒಂದು ಕಾಲಿಗೆ ಭಾರ ಹಾಕಿದರೆ ಅದೊಂದೇ ಒಳಗೆ ಹೋಗುತ್ತದೆ, ಮೊಣಕಾಲು ತಿರುಚುತ್ತದೆ. ಎರಡೂ ಸ್ಕೀ ಒಂದೇ ಹಲಗೆ ಎಂಬಂತೆ ಸಮವಾಗಿ ನಿಂತು, ಸಾವಕಾಶವಾಗಿ ತಿರುಗಿ.

ಗುರುತು ಹಾಕಿದ ದಾರಿ ಬಿಟ್ಟು ಹೊರಗೆ ಹೋಗುವುದಾದರೆ ಅಗಲದ ಸ್ಕೀ ಹಿಮಕುಸಿತದಿಂದ ಕಾಪಾಡುವುದಿಲ್ಲ. ಆ ದಿನದ ಅಪಾಯದ ಮಟ್ಟ ಓದಿ. ಅದು 1ರಿಂದ 5ರವರೆಗೆ ಇರುತ್ತದೆ. ಟ್ರಾನ್ಸೀವರ್ (ಹಿಮದಡಿ ಸಿಕ್ಕವರನ್ನು ಹುಡುಕುವ ರೇಡಿಯೋ ಸಾಧನ), ಸಲಿಕೆ, ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು) ಮೂರೂ ಇರಲಿ, ಬಳಸಲು ಬರುವ ಜೊತೆಗಾರರಿರಲಿ. ಹಪ್ಪಳದ ಪದರ ಬಿಸಿಲಿಗೆ ಕರಗಿ ಕಾಲು ಮೊಣಕಾಲವರೆಗೆ ಹೂಳತೊಡಗಿದರೆ ಕಡಿದಾದ ಇಳಿಜಾರು ಬಿಟ್ಟು ಬನ್ನಿ.

## ಹಂತ 9: ಸಪಾಟು ದಾರಿ ಮತ್ತು ಲಿಫ್ಟ್

ಸಪಾಟು ದಾರಿಯಲ್ಲಿ ಸ್ಕೀ ಚಪ್ಪಟೆ ಇಟ್ಟರೆ ಅತ್ತಿತ್ತ ಅಲೆಯುತ್ತದೆ. ಒಂದು ಬದಿಗೆ ಕೂದಲೆಳೆಯಷ್ಟು ವಾಲಿಸಿಡಿ, ಸ್ವಲ್ಪ ಹೊತ್ತಿಗೆ ಬದಿ ಬದಲಿಸಿ. ಕುರ್ಚಿ ಲಿಫ್ಟ್‌ನಲ್ಲಿ ಕಾಲುಮಣೆ ಇದ್ದರೆ ತಪ್ಪದೆ ಬಳಸಿ. ಭಾರದ ಸ್ಕೀ ಇಡೀ ದಿನ ನೇತಾಡಿದರೆ ಮೊಣಕಾಲು ದಣಿಯುತ್ತದೆ.

## ಹಂತ 10: ಸಂಜೆಯ ಕೆಲಸ

ಅಂಚನ್ನು ಒಣಬಟ್ಟೆಯಿಂದ ಒರೆಸಿ. ಒದ್ದೆ ಚೀಲದಲ್ಲಿ ಕಟ್ಟಿಟ್ಟರೆ ಒಂದೇ ರಾತ್ರಿಗೆ ತುಕ್ಕು ಬರುತ್ತದೆ. ಗಟ್ಟಿ ಹಿಮದ ದಿನವಾಗಿದ್ದರೆ ಗೈಡ್‌ನಲ್ಲಿ ನಯ ಡೈಮಂಡ್ ಕಲ್ಲು ಇಟ್ಟು ಎರಡು ಸಲ ಎಳೆಯಿರಿ. ದಿನಾ ಇಷ್ಟು ಮಾಡಿದರೆ ಅರ ಮುಟ್ಟುವ ಅಗತ್ಯ ಅಪರೂಪ. ತಳದಲ್ಲಿ ಒಳಗಿನ ಮರ ಕಾಣುವಷ್ಟು ಗಾಯವಾಗಿದ್ದರೆ ಅಥವಾ ಅಂಚು ಕಿತ್ತು ಎದ್ದಿದ್ದರೆ ಮರುದಿನ ಅದನ್ನು ಓಡಿಸಬೇಡಿ. ನೀರು ಒಳಗೆ ಹೋದರೆ ಸ್ಕೀ ಉಬ್ಬುತ್ತದೆ.

## ಮೊಣಕಾಲು ಏನು ಹೇಳುತ್ತಿದೆ

ತೊಡೆ ಉರಿಯುವುದು ಸಹಜ. ಪಾದದ ಅಡಿಯಲ್ಲಿ ಸೆಳೆತ ಬಂದರೆ ಬೂಟು ಸಡಿಲವಿದೆ, ಬೆರಳುಗಳಿಂದ ನೆಲ ಹಿಡಿಯಲು ಒದ್ದಾಡುತ್ತಿದ್ದೀರಿ. ಮೊಣಕಾಲಿನ ಒಳಬದಿಯಲ್ಲಿ ಚುಚ್ಚುವ ನೋವು ಬಂದರೆ ಆ ದಿನ ಗಟ್ಟಿ ಇಳಿಜಾರು ಬಿಡಿ. ನೋವು ಒಂದೇ ಕಾಲಿಗೆ, ಒಂದೇ ಬದಿಯ ತಿರುವಿಗೆ ಬರುತ್ತಿದ್ದರೆ ಬೂಟಿನ ಕ್ಯಾಂಟಿಂಗ್ (ಬೂಟು ಪಕ್ಕಕ್ಕೆ ವಾಲಿರುವ ಕೋನ) ಪರೀಕ್ಷಿಸಿ. ಮೊಣಕಾಲು ಬೂಟಿನ ನಡುಗೆರೆಯ ಮೇಲೆ ಬರುತ್ತಿಲ್ಲದಿರಬಹುದು.

ವಾರಗಟ್ಟಲೆ ಹಿಮ ಬೀಳದೆ ಇಳಿಜಾರೆಲ್ಲ ಐಸ್ ಆಗಿದ್ದರೆ ಆ ದಿನಗಳಲ್ಲಿ ಕಿರಿದಾದ ಸ್ಕೀ ಬಾಡಿಗೆಗೆ ತೆಗೆದುಕೊಳ್ಳಿ. ಮೊಣಕಾಲಿನ ಕಟ್ಟು ಹಿಂದೆ ಹರಿದಿದ್ದವರು, ಆಪರೇಷನ್ ಆದವರು ಅಗಲದ ಸ್ಕೀಯನ್ನು ದಿನಬಳಕೆಗೆ ಇಟ್ಟುಕೊಳ್ಳುವ ಮೊದಲು ವೈದ್ಯರನ್ನು ಕೇಳಿ. ಮೊಣಕಾಲು ಊದಿಕೊಂಡರೆ, ಸಿಕ್ಕಿಕೊಂಡಂತಾದರೆ, ನಡೆಯುವಾಗ ಸಡಿಲ ಬಿಟ್ಟಂತಾದರೆ ಮರುದಿನ ಸ್ಕೀ ಕಟ್ಟದೆ ಮೊದಲು ತೋರಿಸಿಕೊಂಡು ಬನ್ನಿ.